ಕಾಳವಾಸಲ್ ಬೀದಿಯ ಕಾಡು

ಅದು ‘ಕು’ ಆಗಬೇಕಿತ್ತೋ, ‘ಕೊ’ ಆಗಬೇಕಿತ್ತೋ?

ಈ ಸಂಶಯವನ್ನು ಯುವಶ್ರೀ ತನ್ನ ದಿನಚರಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ. ಹೇಳುವ ಹುಡುಗಿಯೂ ಅಲ್ಲ. ಅಂಗಡಿಯವನು ಚಿಲ್ಲರೆಗೆ ಬದಲು ಮಿಠಾಯಿ ಕೊಟ್ಟರೆ ಸುಮ್ಮನೆ ತೆಗೆದುಕೊಂಡು ಬಂದು, ಮನೆಯಲ್ಲಿ ಎರಡು ಪುಟ ಕೋಪ ಬರೆದು, ಮಿಠಾಯಿ ತಿಂದು ಮಲಗುವ ಜಾತಿ. ದಿಂಡುಕಲ್ಲಿನ ಕಾಲೇಜಿನಲ್ಲಿ ಭೂಗೋಳ ಓದಿ ಪದವಿ ತಂದಿದ್ದಳು. ಅಲ್ಲಿಯ ಮೇಷ್ಟರುಗಳು ಅವಳ ಅಕ್ಷರವನ್ನು ಬಲ್ಲರೇ ಹೊರತು ದನಿಯನ್ನಲ್ಲ.

ಸಂಶಯ ಹುಟ್ಟಿದ್ದು ಹೀಗೆ. ವೇಲನೂರು ಎಂಬುದು ಚಿನ್ನಮನೂರಿಗೂ ಕಂಬಂಗೂ ನಡುವೆ ಬಸ್ಸು ನಿಲ್ಲುವ ಊರು. ಬಸ್ಸು ನಿಲ್ಲುತ್ತದೆಂಬ ಕಾರಣಕ್ಕೆ ಪಟ್ಟಣ, ಪಟ್ಟಣವೆಂಬ ಕಾರಣಕ್ಕೆ ಪುರಸಭೆ. ಆ ವರ್ಷ ಪುರಸಭೆಗೆ ಮೇಲಿನಿಂದ ಒಂದು ಆದೇಶ ಬಂತು: ಭೂಮಿ ಕಾಯುತ್ತಿದೆ, ಊರುಗಳು ಬೇಯುತ್ತಿವೆ, ಆದ್ದರಿಂದ ಯಾವ ಬೀದಿಯಲ್ಲಿ ಎಷ್ಟು ನೆರಳಿದೆಯೆಂದು ಮರ ಮರವನ್ನೂ ಗುರುತು ಹಾಕಿ ನಕಾಶೆ ಮಾಡಿ, ಎಲ್ಲಕ್ಕಿಂತ ಬೋಳಾದ ಬೀದಿಗೆ ಈ ಕತ್ತಿರಿಯೊಳಗೆ ಚಪ್ಪರ, ಕುಡಿಯುವ ನೀರು, ಬೇಲಿ ಕಟ್ಟಿದ ಸಸಿ ಒದಗಿಸಿ. ಕತ್ತಿರಿ ಎಂದರೆ ಚಿತ್ರೆ ತಿಂಗಳ ಕೊನೆಗೆ ಬಂದು ಊರನ್ನು ಹೆಂಚಿನ ಮೇಲಿಟ್ಟು, ಒಂದು ಮಗ್ಗುಲು ಬೆಂದ ಮೇಲೆ ಇನ್ನೊಂದು ಮಗ್ಗುಲಿಗೆ ತಿರುವಿ ಹಾಕುವ ಬಿಸಿಲು.

ಎಲ್ಲಕ್ಕಿಂತ ಬೋಳಾದ ಬೀದಿ ಯಾವುದೆಂದು ತಿಳಿಯಲು ನಕಾಶೆಯೇನೂ ಬೇಕಿರಲಿಲ್ಲ. ಅದು ಕಾಳವಾಸಲ್ ಬೀದಿ, ಯುವಶ್ರೀಯ ಮನೆ ಇದ್ದ ಬೀದಿ. ಹಿಂದೆ ಅಲ್ಲಿ ಸುಣ್ಣದ ಗೂಡು ಇತ್ತಂತೆ. ಗೂಡು ಹೋಯಿತು, ಕಾವು ಉಳಿಯಿತು. ತಗಡಿನ ಸೂರು, ಸಿಮೆಂಟಿನ ದಾರಿ, ಹಸಿರೆಂದರೆ ಬಾಗಿಲಿಗೆ ಬಳಿದ ಬಣ್ಣ. ಅವಳ ಅಪ್ಪತ್ತಾ, ಎಂದರೆ ಅಪ್ಪನ ತಾಯಿ ಪೇಚ್ಚಿಯಮ್ಮಾಳ್, ಬೆಳಗಾದರೆ ಹಗ್ಗದ ಮಂಚವನ್ನು ಬೀದಿಗೆ ತಂದು ಎದುರುಮನೆ ಗೋಡೆಯ ನೆರಳಿನಲ್ಲಿ ಹಾಕುತ್ತಿದ್ದಳು. ನೆರಳು ಸರಿದಂತೆ ಮಂಚ ಸರಿಯುತ್ತಿತ್ತು. ಹೊತ್ತು ನೆತ್ತಿಗೆ ಬಂದಾಗ ಗೋಡೆ ತನ್ನ ನೆರಳನ್ನು ತಾನೇ ನುಂಗಿಬಿಡುತ್ತಿತ್ತು. ಆಗ ಮುದುಕಿ ಒದ್ದೆ ಟವೆಲನ್ನು ತಲೆಗೆ ಹಾಕಿಕೊಂಡು ಸೂರ್ಯನ ಹೆತ್ತವರನ್ನು ವಿಚಾರಿಸಿಕೊಳ್ಳುತ್ತಿದ್ದಳು. ಹೋದ ಕತ್ತಿರಿಯಲ್ಲಿ ಮಂಚದಿಂದ ಉರುಳಿ, ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಳು. “ಇನ್ನೊಂದು ಸಲ ಹೀಗಾದರೆ ನಾವು ಹೊಣೆಯಲ್ಲ” ಎಂದರು ಡಾಕ್ಟರು, ಮೊದಲನೆಯ ಸಲಕ್ಕೆ ತಾವೇ ಹೊಣೆಯಾಗಿದ್ದವರಂತೆ.

ಆದ್ದರಿಂದ ನಕಾಶೆಯ ತಾತ್ಕಾಲಿಕ ಕೆಲಸ ತನಗೇ ಸಿಕ್ಕಾಗ ಯುವಶ್ರೀ ಒಳಗೊಳಗೇ ಹಿಗ್ಗಿದಳು. ಇದ್ದದ್ದನ್ನು ಇದ್ದಂತೆ ಗುರುತು ಹಾಕಿದರೆ ಸಾಕು, ಅಪ್ಪತ್ತಾಳ ಮಂಚದ ಮೇಲೆ ಚಪ್ಪರ ಬಂದು ನಿಲ್ಲುತ್ತದೆ. ಬಾಯಿ ಬಿಡುವ ಅಗತ್ಯವೇ ಇಲ್ಲದ ಉಪಕಾರ. ಕೆಲಸ ಕೊಡಿಸಿದವನು ಸೋದರಮಾವ ಚಿನ್ನಯ್ಯ. ಕಾಮಯಗೌಂಡನ್‌ಪಟ್ಟಿಯಲ್ಲಿ ದ್ರಾಕ್ಷಿ ತೋಟ, ವೇಲನೂರಿನಲ್ಲಿ ಕಲ್ಯಾಣ ಮಂಟಪ, ಅದರ ಮೇಲೆ ಕೌನ್ಸಿಲರ್ ಪದವಿ. ಈ ಮೂರರಲ್ಲಿ ಯಾವುದರ ಬಗ್ಗೆ ಮಾತು ಎತ್ತಿದರೂ ಉಳಿದೆರಡನ್ನು ಕೇಳಿಸಿಕೊಂಡೇ ಏಳಬೇಕು.

ಕಮಿಷನರಮ್ಮ ಚೆನ್ನೈ ಕಡೆಯವರು, ಹೊಸಬರು. “ಕ್ಯಾನಪಿ ಮ್ಯಾಪ್ ಅಂದರೆ ಜನಕ್ಕೆ ಅರ್ಥವಾಗಲ್ಲ. ಒಳ್ಳೆ ತಮಿಳಿನಲ್ಲಿ ಒಂದು ಹೆಸರು ಬರೆದುಕೊಡಮ್ಮ, ಬ್ಯಾನರಿಗೆ” ಎಂದು ಯುವಶ್ರೀಯ ಮುಂದೆ ಒಂದು ಚೀಟಿ ತಳ್ಳಿ, ಅವಳ ಪೆನ್ನನ್ನೇ ನೋಡುತ್ತ ಕೂತರು.

ಯಾರಾದರೂ ನೋಡುತ್ತಿದ್ದರೆ ಯುವಶ್ರೀಗೆ ತನ್ನ ಹೆಸರೂ ಮರೆಯುತ್ತದೆ. ಮರ ಎಲೆ ಬಿಚ್ಚಿ ನಿಲ್ಲುವುದನ್ನು ನೆನೆದರೆ ಅವಳಿಗೆ ಹೊಳೆದದ್ದು ಕೊಡೆ. ಮನೆಯಲ್ಲಿ ಆಡುವ ಕನ್ನಡದ ಕೊಡೆ, ತಲೆಗೆ ಹಿಡಿಯುವುದು. ತಮಿಳಿನಲ್ಲಿ ಅದು ‘ಕುಡೈ’. ಅವಳು ಬರೆದದ್ದು ‘ಮರಕ್ಕೊಡೈ’. ತಮಿಳಿನಲ್ಲಿ ‘ಕೊಡೈ’ ಎಂದರೆ ದಾನ.

ಹೀಗೆ ಊರಿನ ನೆರಳಿನ ನಕಾಶೆ ‘ಮರದಾನದ ನಕಾಶೆ’ಯಾಯಿತು. ತಮಿಳು ಲಿಪಿಯಲ್ಲಿ ಆ ‘ಕೊ’ ಬರೆಯಲು ಮುಂದೊಂದು ಕೊಂಬು, ಹಿಂದೊಂದು ಕಾಲು ಹಚ್ಚಬೇಕು. ಕೊಂಬೂ ಕಾಲೂ ಬಂದ ಮೇಲೆ ಅಕ್ಷರ ಸುಮ್ಮನಿರುತ್ತದೆಯೇ? ಗೂಳಿಯಂತೆ ಊರಿಗೆ ನುಗ್ಗಿತು.

ಅನುಮಾನ ಬಲಿತ ಮೇಲೆ ಅವಳು ಕಂಪ್ಯೂಟರ್ ಆಪರೇಟರ್ ರಾಮ್‌ಕುಮಾರನ ಮೇಜಿನ ಮುಂದೆ ಹೋಗಿ ಬಹಳ ಹೊತ್ತು ನಿಂತಳು. “ಏನು ತಂಗಚ್ಚಿ?”

“ಬ್ಯಾನರಿನಲ್ಲಿ ಒಂದು ಅಕ್ಷರ…”

“ಅದು ಅಚ್ಚಾಗಿ, ಎಲ್ಲ ವಾರ್ಡಿಗೂ ಕಟ್ಟಿ ಆಯ್ತು. ಅಕ್ಷರ ಯಾರು ನೋಡ್ತಾರೆ? ಎಲ್ಲರೂ ಅವರವರ ಫೋಟೋ ಎಲ್ಲೈತೆ ಅಂತ ನೋಡೋದು.”

ಈ ಊರಿನಲ್ಲಿ ರಾಮ್‌ಕುಮಾರ್ ಹೇಳಿದ್ದು ಸುಳ್ಳಾದದ್ದು ಅದೊಂದೇ ಸಲ. ಎಲ್ಲರೂ ಅಕ್ಷರವನ್ನೇ ನೋಡಿದರು.

ಕಡೈವೀದಿಯಲ್ಲಿ, ಎಂದರೆ ಅಂಗಡಿ ಸಾಲಿನಲ್ಲಿ, ಯುವಶ್ರೀ ಒಂದು ಬೇವಿನ ಕೆಳಗೆ ನಿಂತು, ಫೋನು ಹಿಡಿದು, ನೆರಳಿನ ಅಗಲ ಅಳೆಯುತ್ತಿದ್ದಳು. ಟೀ ಅಂಗಡಿಯ ತಂಗರಾಜ್ ಬಾಯ್ಲರು ಬಿಟ್ಟು ಬಂದ.

“ಕೊಡೈ ಎಣಿಸೋಕೆ ಬಂದೆಯಾ ತಾಯಿ? ಬರಕೋ. ಈ ಬೇವು ನಮ್ಮಪ್ಪ ಕೊಟ್ಟಿದ್ದು.”

“ಅಲ್ಲಣ್ಣಾ, ಇದು ನೆರಳು…”

“ನೆರಳೂ ನಮ್ಮಪ್ಪಂದೇ. ಮರ ಕೊಟ್ಟವನು ನೆರಳ ಮನೇಲಿ ಮಡಿಕ್ಕೊಂಡಾನಾ?”

ಪಕ್ಕದಲ್ಲಿ ಹೂ ಕಟ್ಟುತ್ತಿದ್ದವಳು ವೀರಮ್ಮಾಳ್, ಕಾಳವಾಸಲ್ ಬೀದಿಯಲ್ಲಿ ಯುವಶ್ರೀಯ ನೆರೆಮನೆಯವಳು. ಅವಳು ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸಿ, ‘ಹ’ ನುಂಗುವ, ಮುದ್ದಿನವರನ್ನು ‘ಕಣ್ಣು’ ಎನ್ನುವ ಮನೆಮಾತಿನಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದಳು: “ನಿಮ್ಮಪ್ಪ ಒಂದು ಟೀ ಕಾಸಿಲ್ದೆ ಓಸಿ ಕೊಟ್ಟಿದ್ದ ಈ ಊರು ನೋಡಿಲ್ಲೆ, ಮರ ಕೊಟ್ಟನಾ? ಆ ಬೇವು ಕಾಗೆ ಆಕಿದ್ದು. ಕಾಗೆ ಎಸರು ಬರಕೋ ಕಣ್ಣು.”

“ಕಾಗೆಗೆ ವಿಳಾಸ ಐತಾ?” ಎಂದ ತಂಗರಾಜ್.

“ನಿಮ್ಮಪ್ಪಂಗೂ ಈಗಿಲ್ಲೆಯಲ್ಲ.”

ಆಮೇಲೆ ನಡೆದದ್ದರಲ್ಲಿ ಹೂವಿನ ಬುಟ್ಟಿಯೂ ಒಂದು ಡಬರಿ ಬಿಸಿನೀರೂ ಪಾಲ್ಗೊಂಡವು. ಯುವಶ್ರೀ ಬೇವಿನ ಅಗಲವನ್ನು ಒಪ್ಪವಾಗಿ ದಾಖಲಿಸಿ ಅಲ್ಲಿಂದ ಕಾಲು ಕಿತ್ತಳು.

ಸಂಜೆಯ ಹೊತ್ತಿಗೆ ಪುರಸಭೆಯ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಬ್ಯಾಂಕಿನ ಮುಂದಿನ ಹೊಂಗೆ ತಮ್ಮ ಅತ್ತೆಯದೆಂದು ಒಬ್ಬರು; ಆ ಅತ್ತೆ ಜನ್ಮದಲ್ಲಿ ಒಂದು ತುಳಸಿಗೂ ನೀರು ಹಾಕಿದವಳಲ್ಲವೆಂದು ಅವರ ನಾದಿನಿ. ರಾಮ್‌ಕುಮಾರ್ ಜಗಳ ತಪ್ಪಿಸಲು ಕಂಪ್ಯೂಟರಿನಲ್ಲಿ ‘ಕೊಡೈ ಕೊಟ್ಟವರು’ ಎಂದು ಒಂದು ಅಂಕಣ ತೆರೆದ. ಹಳ್ಳಕ್ಕೆ ಕಾಲುವೆ ತೋಡಿದಂತಾಯಿತು.

ಚಿನ್ನಯ್ಯನಿಗೆ ಸುದ್ದಿ ತಿಳಿದದ್ದು ತಡವಾಗಿ. ಬಂದವನೇ ಬಸ್ ಸ್ಟ್ಯಾಂಡಿನ ದೊಡ್ಡ ಮಳೆಮರಕ್ಕೇ ಕೈಹಾಕಿದ. “ಅದು ನಮ್ಮಪ್ಪನ ಎಸರಿಗೆ.”

“ಅಯ್ಯಾ, ಅದು ಇಂಗ್ಲಿಷರ ಕಾಲದ್ದು ಅಂತಾರೆ” ಎಂದ ರಾಮ್‌ಕುಮಾರ್.

“ನಮ್ಮಪ್ಪ ಮತ್ತೆ ಯಾರ ಕಾಲದವರು?” ಎಂದ ಚಿನ್ನಯ್ಯ. ಆಮೇಲೆ ಸೋದರಸೊಸೆ ಯುವಶ್ರೀಯತ್ತ ತಿರುಗಿ, “ನಮ್ಮ ಜನ ಈ ಮಾತ ಆಡಿಕ್ಕೊಂಡು ಈ ಸೀಮೆಗೆ ಬಂದು ಎಷ್ಟು ತಲೆಮಾರಾಯ್ತು. ಬೆಟ್ಟ ಕಡಿದು ಬೆಳೆ ಬೆಳೆದ್ವಿ. ಒಂದು ಮರದ ಮ್ಯಾಲಾರ ಎಸರು ಬೇಡ್ವಾ ಕಣ್ಣು?”

ಯುವಶ್ರೀಗೆ ಇದೇ ಸಮಯವೆನ್ನಿಸಿತು. “ಮಾಮ, ಅದು ದಾನ ಅಲ್ಲ. ನಮ್ಮನೇಲಿ ಹೇಳ್ತೀವಲ್ಲ, ಕೊಡೆ. ಮಳೆಗೆ ಹಿಡಿಯೋದು.”

ಅವಳ ದನಿ ಮೇಜು ದಾಟುವ ಹೊತ್ತಿಗೆ ಒಂದೇ ಪದ ಉಳಿದಿತ್ತು. “ಮಳೆಯಾ? ಬರಲಿ ಬರಲಿ, ಮರಕ್ಕೆ ಒಳ್ಳೇದು” ಎಂದು ಚಿನ್ನಯ್ಯ ಎದ್ದು ಹೋದ.

ತಪ್ಪು ಅಲ್ಲಿಗೇ ನಿಂತಿದ್ದರೂ ಊರಿಗೆ ಹಾನಿಯಿರಲಿಲ್ಲ. ಯಾರ ಹೆಸರು ಹೊತ್ತರೂ ಮರ ನೆರಳನ್ನು ಕಡಿಮೆ ಮಾಡುವುದಿಲ್ಲ. ಆದರೆ ವೇಲನೂರಿನಲ್ಲಿ ಮರಗಳಿಗಿಂತ ದಾನಿಗಳು ಜಾಸ್ತಿ. ಮರಗಳೆಲ್ಲ ಮುಗಿದ ಮೇಲೂ ದಾನಿಗಳ ಸಾಲು ಪುರಸಭೆಯ ಗೇಟಿನಾಚೆ ಇತ್ತು. ಆಗ ಚಿನ್ನಯ್ಯ, ಹುಟ್ಟು ನಾಯಕನಾದ್ದರಿಂದ, ಒಂದು ದಾರಿ ಕಂಡುಹಿಡಿದ: ಮುಂದೆ ನೆಡುವವರು ಈಗಲೇ ಹೆಸರು ಬರೆಸಲಿ, ಮರವನ್ನು ನಕಾಶೆಯಲ್ಲಿ ಹಾಕಿಬಿಡೋಣ, ಬೆಳೆಯುವುದು ಅದರ ಕರ್ತವ್ಯ.

“ಎಲ್ಲಿ ಹಾಕಲಿ ಅಯ್ಯಾ? ಜಾಗ ಇಲ್ಲೆಯೇ” ಎಂದ ರಾಮ್‌ಕುಮಾರ್.

“ಜಾಗಕ್ಕೇನು ಬರ? ಕಾಳವಾಸಲ್ ಬೀದಿ ಪೂರಾ ಖಾಲಿ ಐತೆ.”

ರಾಮ್‌ಕುಮಾರನ ಬೆರಳು ಕುಟುಕತೊಡಗಿತು. ಒಂದು ಕುಟುಕಿಗೆ ಒಂದು ಮರ. ಚರಂಡಿಯ ಮೇಲೆ ಅರಳಿ, ಟ್ರಾನ್ಸ್‌ಫಾರ್ಮರಿನ ಒಳಗೆ ಹುಣಸೆ, ಪೇಚ್ಚಿಯಮ್ಮಾಳಿನ ಮಂಚದ ಜಾಗದಲ್ಲಿ ಸಾಕ್ಷಾತ್ ಆಲ. ಆ ಆಲವನ್ನು ಚಿನ್ನಯ್ಯನೇ ದೊಡ್ಡ ಮನಸ್ಸು ಮಾಡಿ, ಅವಳ ದಿವಂಗತ ಗಂಡನ ಹೆಸರಿಗೆ ಬರೆಸಿದ್ದ. ಸಂಬಂಧ ಎಂದರೆ ಸುಮ್ಮನೆಯೇ?

ಯುವಶ್ರೀ ಮಾರನೆಯ ಬೆಳಿಗ್ಗೆ ಬೇಗ ಹೋಗಿ ಆ ಮರಗಳನ್ನೆಲ್ಲ ಅಳಿಸಿದಳು. ಅವಳ ಜೀವನದಲ್ಲಿ ಅದೇ ಮೊದಲ ದಂಗೆ. ಮಧ್ಯಾಹ್ನದ ಹೊತ್ತಿಗೆ ಅಷ್ಟೂ ಮರ ಮತ್ತೆ ಚಿಗುರಿದ್ದವು. “ಅಪ್ಪನ ಮರ ಕಾಣಿಸ್ತಿಲ್ಲ ಅಂತ ಜನ ಫೋನಲ್ಲಿ ಅಳ್ತಾರೆ ತಂಗಚ್ಚಿ. ನಿನಗೆ ಪಾಪ ಸುತ್ತಿಕ್ಕೊಳ್ಳುತ್ತೆ” ಎಂದು ರಾಮ್‌ಕುಮಾರ್ ಅವಳಿಗೆ ಅಳಿಸುವ ಅಧಿಕಾರವನ್ನೇ ತೆಗೆದುಹಾಕಿದ.

ತನ್ನ ಬೀದಿಯವರಾದರೂ ಎದ್ದು ನಿಂತಾರೆಂದು ಅವಳು ನಂಬಿದ್ದಳು. ವೀರಮ್ಮಾಳಿನ ಬಾಯಿಯ ಮೇಲೆ ಅವಳಿಗೆ ಬಹಳ ಭರವಸೆ. ಆದರೆ ವೀರಮ್ಮಾಳ್ ಅವಳನ್ನು ಬಾಗಿಲಲ್ಲೇ ಹಿಡಿದು, ಫೋನು ಮುಂದೆ ಹಿಡಿದಳು. “ಇಲ್ಲಿ ನೋಡು ಕಣ್ಣು. ನಮ್ಮ ಮಾವನೋರ ಎಸರಲ್ಲಿ ಬಾಗಿಲ ಮುಂದೆ ಮಾವಿನಮರ. ಎಷ್ಟು ಅಸುರಾಗೈತೆ ನೋಡು.”

“ಅಕ್ಕಾ, ಬಾಗಿಲ ಮುಂದೆ ಮರ ಎಲ್ಲೈತೆ?”

“ಬಾಗಿಲ ಮುಂದೆ ಇಲ್ಲೆ. ಫೋನಿನ ಪಡದಲ್ಲಿ ಐತೆ.” ವೀರಮ್ಮಾಳ್ ನೊಂದವಳಂತೆ ಫೋನನ್ನು ಸೆರಗಿನಲ್ಲಿ ಒರೆಸಿದಳು. “ಆ ತಂಗರಾಜನ ಅಪ್ಪಂಗೆ ಬೇವು ಐತೆ. ನಮ್ಮ ಮಾವ ಏನು ಕಮ್ಮಿ?”

ಯುವಶ್ರೀ ಮನೆಗೆ ಬಂದು ಚೊಂಬು ಕುಕ್ಕಿದಳು, ಬಾಗಿಲು ಬಡಿದಳು. ಅಮ್ಮ ಅಡಿಗೆಮನೆಯಿಂದಲೇ, “ಮಾಮನ ಎದುರು ಬಾಯಿ ಬಿಟ್ಟೀಯಾ, ಕೆಲಸ ಕೊಡಿಸಿದವನು” ಎಂದಳು. ಈ ಎಚ್ಚರಿಕೆಯನ್ನು ಇಪ್ಪತ್ತು ವರ್ಷ ಬಾಯಿ ಬಿಡದ ಮಗಳಿಗೆ ಹೇಳುವುದೆಂದರೆ ಕಲ್ಲಿಗೆ ಓಡಬೇಡ ಎಂದಂತೆ. ಹೊರಗೆ ಮಂಚ ಎಳೆಯುವ ಸದ್ದು. “ನಮ್ಮ ಬೀದಿಗೆ ಪಂದಲ್ ಎಂದಿಗೆ ಬತ್ತದೆ ಕಣ್ಣು?” ಎಂದು ಅಪ್ಪತ್ತಾ ಕೇಳಿದಳು. ದಿನವೂ ಕೇಳುತ್ತಿದ್ದಳು. ಯುವಶ್ರೀ ದಿನವೂ “ಬತ್ತದೆ ಅಪ್ಪತ್ತಾ” ಎನ್ನುತ್ತಿದ್ದಳು. ಅಂದು ಟವೆಲನ್ನು ನೀರಿಗದ್ದಿ ತಂದು ಮುದುಕಿಯ ತಲೆಗೆ ಹಾಕಿದಳು.

ಕಮಿಷನರಮ್ಮನ ಕೋಣೆಗೂ ಹೋದಳು. ಅವರು ಪರದೆಯ ಮೇಲಿನ ಹಸಿರು ನೋಡುತ್ತ ಕರಗಿಹೋಗಿದ್ದರು. “ನೋಡಮ್ಮ, ಜನರ ಪಾಲ್ಗೊಳ್ಳುವಿಕೆ ಅಂದರೆ ಇದು. ಎಲ್ಲ ನಿನ್ನ ಒಂದು ಪದದಿಂದ.” ಒಂದು ಪದ ಎಂದ ಕೂಡಲೇ ಯುವಶ್ರೀ ಕೈಮುಗಿದು ಹೊರಗೆ ಬಂದಳು.

ನಕಾಶೆ ಮುಗಿಯಿತು. ಕಂಪ್ಯೂಟರು ತನ್ನ ಲೆಕ್ಕ ಹಾಕಿ ತೀರ್ಪು ಕೊಟ್ಟಿತು. ವೇಲನೂರಿನಲ್ಲಿ ಅತಿ ಹೆಚ್ಚು ನೆರಳಿರುವ ಬೀದಿ: ಕಾಳವಾಸಲ್. ಅತಿ ಬೋಳು ಬೀದಿ: ಚಿನ್ನಯ್ಯನ ಕಲ್ಯಾಣ ಮಂಟಪದ ಮುಂದಿನ ರಸ್ತೆ. ಮದುವೆಗೆ ಬರುವವರ ಕಾರು ನಿಲ್ಲಿಸಲು ತೊಡಕೆಂದು ಅಲ್ಲಿದ್ದ ಮರಗಳನ್ನೆಲ್ಲ ಅವನು ಹೋದ ವರ್ಷವೇ ಕಡಿಸಿದ್ದ. ಆ ನಕಾಶೆಯಲ್ಲಿದ್ದ ಒಂದೇ ಒಂದು ನಿಜ ಅದು. ಹೀಗಾಗಿ ಚಪ್ಪರ, ನೀರು, ಸಸಿ ಎಲ್ಲವೂ ಮಂಟಪದ ಮುಂದಕ್ಕೆ ಹೋದವು. ಮರ ಕಡಿದವನಿಗೆ ನೆರಳು. ಮರವನ್ನೇ ಕಾಣದವರಿಗೆ ಶೀಲ್ಡು. ‘ಪಸುಮೈ ಬೀದಿ’, ಎಂದರೆ ಹಸಿರು ಬೀದಿ, ಎಂಬ ಕೆತ್ತನೆಯ ಹಿತ್ತಾಳೆ ಫಲಕವನ್ನು ಕಾಳವಾಸಲ್ ಬೀದಿಯಲ್ಲೇ, ಆ ‘ಮರಗಳ’ ಕೆಳಗೇ ಕೊಡುವುದೆಂದು ಠರಾವಾಯಿತು. ಅಂದೇ ಆಕ್ಷೇಪಣೆ ಕೇಳುವ ಶಾಸ್ತ್ರ. ಯಾರೂ ಏನೂ ಹೇಳದಿದ್ದರೆ ನಕಾಶೆ ಖಾಯಂ, ಇನ್ನು ಐದು ವರ್ಷ ಕಾಳವಾಸಲ್ ಬೀದಿಗೆ ಒಂದು ಕಡ್ಡಿಯನ್ನೂ ಯಾರೂ ನೆಡುವಂತಿಲ್ಲ.

ಸಮಾರಂಭ ಕತ್ತಿರಿಯ ನಟ್ಟನಡು ಮಧ್ಯಾಹ್ನಕ್ಕೆ ಬಿತ್ತು. ಕಾಡಿನಲ್ಲಿ ನಡೆಯುವ ಸಮಾರಂಭಕ್ಕೆ ಶಾಮಿಯಾನ ಯಾಕೆಂದು ಯಾರೂ ಹಾಕಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರು ಕೂತ ವೇಗದಲ್ಲೇ ಎದ್ದರು. ಗೋಡೆಗಳು ಆಗಲೇ ತಮ್ಮ ನೆರಳನ್ನು ನುಂಗಿ ನಿಂತಿದ್ದವು. ಇದ್ದದ್ದು ಓರೆಯಾಗಿ ಕಟ್ಟಿದ ಬ್ಯಾನರು ಒಂದೇ. ಅದರಲ್ಲಿ ಅಚ್ಚು ಹಾಕಿದ ಮರದ ಹಿಂದೆ ಪುರಸಭೆಯ ಅರ್ಧ ಸಿಬ್ಬಂದಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿತ್ತು. ಆ ಬೀದಿಯಲ್ಲಿ ಮರವೊಂದು ಯಾರಿಗಾದರೂ ನೆರಳು ಕೊಟ್ಟದ್ದು ಅದೇ ಮೊದಲು.

ಕಮಿಷನರಮ್ಮ ಕಾರಿನಿಂದಿಳಿದು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕೈಯಲ್ಲಿದ್ದ ನಕಾಶೆ ನೋಡಿದರು. “ಇದರ ಪ್ರಕಾರ ನಾನೀಗ ಆಲದ ಬುಡದಲ್ಲಿ ನಿಂತಿದ್ದೇನೆ.”

“ಸ್ವಲ್ಪ ಈಚೆ ಬನ್ನಿ ಮೇಡಂ” ಎಂದ ಚಿನ್ನಯ್ಯ, “ಬೇರು ಎಡವೀತು.”

“ಮರ ಎಲ್ಲಿ?”

“ಚಿಕ್ಕವು ಮೇಡಂ. ಬೆಳೀತಾ ಅವೆ.”

ಕಮಿಷನರಮ್ಮ ಕುರುಡರಲ್ಲ. ಆದರೆ ನಕಾಶೆಯ ಪ್ರತಿ ಆಗಲೇ ಮೇಲಕ್ಕೆ ಹೋಗಿತ್ತು, ಮೇಲಿನವರು ಮೆಚ್ಚಿ ಪತ್ರವನ್ನೂ ಬರೆದಿದ್ದರು. ಮೇಲಿನವರು ಮೆಚ್ಚಿದ ಮರ ಕೆಳಗೆ ಇಲ್ಲವೆನ್ನಲು ಯಾವ ಅಧಿಕಾರಿಗೂ ಕಣ್ಣಷ್ಟೇ ಸಾಲದು. ಯಾರಾದರೂ ಬಾಯಿಬಿಟ್ಟು ಹೇಳಬೇಕು. ಅವರು ಬೀದಿಯ ಹಿರಿಯಳೆಂದು ಪೇಚ್ಚಿಯಮ್ಮಾಳಿನ ಮಂಚದ ಬಳಿ ಬಂದು ತಮಿಳಿನಲ್ಲಿ ಕೇಳಿದರು: “ಪಾಟಿ, ಇಲ್ಲಿ ಬಿಸಿಲು ಹೇಗಿದೆ? ನೀವೇ ಹೇಳಿ.”

ಮುದುಕಿ ಒದ್ದೆ ಟವೆಲಿನ ಒಳಗಿನಿಂದ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟು ಬಂದಾಗ ಅವಳಿಗೆ ತಮಿಳು ಬರುವುದಿಲ್ಲ. ಇನ್ನೂರು ಮುನ್ನೂರು ವರ್ಷದ ಹಿಂದಿನ ಕನ್ನಡ, ಅದೂ ಹಲ್ಲಿಲ್ಲದ ಬಾಯಿಂದ, ದಡದಡ ಬಂತು. “ಈಕೆಗೆ ನೆತ್ತಿಗೇರೈತಾ? ಕಣ್ಣು ಕಾಣಾಕಿಲ್ವಾ? ಮೊದ್ಲು ಕುಡಿಯಾಕೆ ಏನಾರ ಕೊಡ್ರೋ.”

ಕಮಿಷನರಮ್ಮ ಚಿನ್ನಯ್ಯನ ಮುಖ ನೋಡಿದರು.

“ಬಂದದ್ದು ತುಂಬ ಸಂತೋಷ, ಮೊದಲು ಏನಾದರೂ ಕುಡಿಯಿರಿ ಅಂತಾರೆ ಮೇಡಂ. ನಮ್ಮ ಜನದ ಉಪಚಾರವೇ ಹಾಗೆ.”

“ಚಿನ್ನಯ್ಯ” ಎಂದಳು ಮುದುಕಿ, “ನಿನ್ನ ಮಂಟಪಕ್ಕೆ ನೆಳ್ಳು, ನನ್ನ ಬಾಗಿಲಿಗೆ ಇತ್ತಾಳೆ. ಬರುವ ಕತ್ತಿರಿಗೆ ನನ್ನ ಸುಡಾಕೆ ನೀನು ಸೌದೆ ತರಬೇಡ. ಇಲ್ಲೇ ಮಲಗಿಸು, ಬೆಂದು ಓಗ್ತೀನಿ.”

“ಶೀಲ್ಡನ್ನು ಪೂಜೆಗೆ ಇಟ್ಟುಕೊಳ್ಳುತ್ತಾರಂತೆ” ಎಂದ ಚಿನ್ನಯ್ಯ.

ಬೀದಿಯವರೆಲ್ಲ ಇದನ್ನು ಕೇಳಿದರು. ಎರಡು ಭಾಷೆಯನ್ನೂ ಬಲ್ಲವರು. ಯಾರೂ ನಗಲಿಲ್ಲ, ಯಾರೂ ಬಾಯಿ ತೆರೆಯಲಿಲ್ಲ. ತೆರೆದರೆ ಅವರವರ ಅಪ್ಪನ ಮರಕ್ಕೆ ಅವರೇ ಕೊಡಲಿ ಹಾಕಿದಂತೆ. ವೀರಮ್ಮಾಳ್ ಹೂವಿನ ದಾರವನ್ನು ಬೆರಳಿಗೆ ಸುತ್ತುತ್ತ, ತನ್ನ ಮಾವನ ಮಾವು ಇರಬೇಕಾದ ಜಾಗದಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು. ರಾಮ್‌ಕುಮಾರ್ ಬ್ಯಾನರಿನ ನೆರಳಿನಿಂದಲೇ ಕೂಗಿದ: “ಆಕ್ಷೇಪಣೆ ಇರೋರು ಯಾರಾದರೂ?”

ಯಾರೂ ಇಲ್ಲ.

“ಹಾಗಾದರೆ ವಂದನಾರ್ಪಣೆ” ಎಂದು ಚಿನ್ನಯ್ಯ ಅವಸರದಿಂದ ಮೈಕನ್ನು ಯುವಶ್ರೀಯ ಕೈಗೆ ತುರುಕಿದ. “ಎರಡು ಮಾತು. ನನ್ರಿ ಅಂದು ಮುಗಿಸು ಕಣ್ಣು.” ಇಡೀ ಬಳಗದಲ್ಲಿ ಎರಡಕ್ಕಿಂತ ಹೆಚ್ಚು ಮಾತಾಡದವಳು ಇವಳೊಬ್ಬಳೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೈಕು ಕಾದ ಸೌಟಿನಂತಿತ್ತು. ಅವಳು ಬಿಡಲಿಲ್ಲ. ಬಿಟ್ಟರೆ ಮಾಮನ ಕೈ ಕಾದು ನಿಂತಿದೆ. ತಮಿಳಿನಲ್ಲಿ ಹೇಳೋಣವೆಂದರೆ ಕುಡೈ-ಕೊಡೈ ಎಂದು ಮತ್ತೆ ನಾಲಿಗೆ ಜಾರೀತು. ಮನೆಮಾತಿನಲ್ಲಿ ಹೇಳಿದರೆ ಮಾಮ ಪಕ್ಕದಲ್ಲೇ ಇದ್ದಾನೆ. ಬೆಂಕಿ ಎಂದರೂ ತಂಪು ಎಂದು ತಿರುಗಿಸಿ ಹೇಳುತ್ತಾನೆ. ಮಂಚದ ಮೇಲೆ ಮುದುಕಿಯ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಟವೆಲು ಆಗಲೇ ಒಣಗಿಹೋಗಿತ್ತು.

ಯುವಶ್ರೀ ಕಮಿಷನರಮ್ಮನ ಮುಖವನ್ನೇ ನೋಡುತ್ತ, ಎರಡು ಭಾಷೆಯೂ ಒಂದೇ ಆಗುವ, ನಡುವೆ ನಿಂತು ತಿರುವಲು ಯಾವ ಮಾಮನಿಗೂ ಎಡೆ ಕೊಡದ ಎರಡು ಪದ ಹುಡುಕಿಕೊಂಡಳು. ಮೈಕು ಒಮ್ಮೆ ಕಿರುಚಿ ಸುಮ್ಮನಾಯಿತು.

“ಮರ ಇಲ್ಲೆ.”